ಮಾರ್ದನಿಯ ಪುನಾರಚನೆ: ಒಂದು ಆಕರವಿಮರ್ಶೆ

೧೯೬೦ನೆಯ ಇಸವಿಯ ಜೂನ್ ತಿಂಗಳಲ್ಲಿ ಲಂಡನ್ನಿನ ಆಬಿ ರಸ್ತೆಯಲ್ಲಿರುವ ಇ.ಎಂ.ಐ. ಧ್ವನಿಮುದ್ರಣಾಲಯದಲ್ಲಿ 'ದಿ ಷ್ಯಾಡೋಸ್' ಎಂಬ ವಾದ್ಯವೃಂದವು 'ಅಪಾಚೆ' ಎಂಬ ಕೃತಿಯನ್ನು ನುಡಿಸಿ ಮುದ್ರಿಸಿತು. ಜೆರ್ರಿ ಲಾರ್ಡನ್ ರಚಿಸಿದ ಈ ಕೃತಿಯಲ್ಲಿ ಸಾಹಿತ್ಯವಿಲ್ಲ; ಹ್ಯಾಂಕ್ ಮಾರ್ವಿನ್ ಅವರ ವಿದ್ಯುತ್ ಗಿಟಾರೇ ಇಲ್ಲಿ ಗಾಯಕನ ಸ್ಥಾನವನ್ನು ವಹಿಸಿದೆ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಐದು ವಾರಗಳ ಕಾಲ ಅಗ್ರಸ್ಥಾನದಲ್ಲಿದ್ದ ಆ ಮುದ್ರಿಕೆಯ ವೈಶಿಷ್ಟ್ಯವು ರಾಗದಲ್ಲಿ ಎಷ್ಟಿದೆಯೋ ಅಷ್ಟೇ ಅದರ ಮಾರ್ದನಿಯಲ್ಲಿಯೂ ಇದೆ. ಇಂದು ಆ ಮಾರ್ದನಿಯನ್ನು ಗಣಕಯಂತ್ರದ ತಂತ್ರಾಂಶಗಳಿಂದಲೂ ಕಾಲಿನಿಂದ ಒತ್ತುವ ಪೆಡಲುಗಳಿಂದಲೂ ಮತ್ತೆ ಪಡೆಯುವ ಯತ್ನಗಳು ವಿಪುಲವಾಗಿ ನಡೆದಿವೆ. ದೊರೆತುದು 'ಅದೇ ಧ್ವನಿ' ಎಂದು ಸಾಧಕರು ಹೇಳುತ್ತಾರೆ. 'ಅದೇ' ಎಂಬುದು ಸಂಗೀತದ ಮಾತಲ್ಲ, ಇತಿಹಾಸದ ಪ್ರತಿಜ್ಞೆ. ಆದುದರಿಂದ ಆಕರಗಳನ್ನು ಪರಿಶೀಲಿಸುವ ನಮ್ಮ ಶಾಸ್ತ್ರದ ದೃಷ್ಟಿಯಿಂದ ಅದನ್ನು ವಿಮರ್ಶಿಸುವುದು ಅನುಚಿತವಾಗಲಾರದು.

ಮೊದಲು ಯಂತ್ರದ ಕ್ರಮವನ್ನು ಅರಿಯಬೇಕು. ಚಲಿಸುತ್ತಿರುವ ಕಾಂತೀಯ ಟೇಪಿನ ಮೇಲೆ ಒಂದು ಹೆಡ್ಡು ಧ್ವನಿಯನ್ನು ಬರೆಯುತ್ತದೆ. ಸ್ವಲ್ಪ ಮುಂದಿರುವ ಇನ್ನೊಂದು ಹೆಡ್ಡು ಅದನ್ನು ಓದುತ್ತದೆ. ಎರಡರ ನಡುವಣ ದೂರವನ್ನು ಟೇಪಿನ ವೇಗದಿಂದ ಭಾಗಿಸಿದರೆ ಮಾರ್ದನಿಯ ಕಾಲ ದೊರೆಯುತ್ತದೆ. ಟೇಪು ಸೆಕೆಂಡಿಗೆ ೧೯ ಸೆಂಟಿಮೀಟರಿನಂತೆ ಓಡುತ್ತಿದ್ದು, ಹೆಡ್ಡುಗಳ ನಡುವೆ ೨.೫ ಸೆಂಟಿಮೀಟರು ಅಂತರವಿದ್ದರೆ, ಮೂಲಧ್ವನಿ ಕೇಳಿದ ಸುಮಾರು ೧೩೨ ಮಿಲಿಸೆಕೆಂಡುಗಳ ಬಳಿಕ ಮಾರ್ದನಿ ಕೇಳುತ್ತದೆ. ಓದಿದ ಧ್ವನಿಯನ್ನು ತಿರುಗಿ ಬರೆಯುವ ಹೆಡ್ಡಿಗೆ ಕಳುಹಿಸಿದರೆ ಅದು ಮರುಕಳಿಸುತ್ತ ಹೋಗುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಅದರ ತೀಕ್ಷ್ಣಾಂಶ ಸವೆಯುತ್ತದೆ. ಅಮೆರಿಕದ ರೇ ಬಟ್ಸ್ ೧೯೫೦ರ ದಶಕದ ಪೂರ್ವಾರ್ಧದಲ್ಲಿ ಇಂಥ ಟೇಪನ್ನು ಆಂಪ್ಲಿಫೈಯರಿನೊಳಗೇ ಅಳವಡಿಸಿ 'ಎಕೋಸಾನಿಕ್' ಎಂಬುದನ್ನು ನಿರ್ಮಿಸಿದರು. ಚೆಟ್ ಅಟ್ಕಿನ್ಸ್ ಮತ್ತು ಸ್ಕಾಟಿ ಮೂರ್ ಅದನ್ನು ಬಳಸಿದರು. ಲಂಡನ್ನಿನಲ್ಲಿ ಚಾರ್ಲಿ ವಾಟ್ಕಿನ್ಸ್ ೧೯೫೮ರಲ್ಲಿ 'ಕಾಪಿಕ್ಯಾಟ್' ಯಂತ್ರವನ್ನು ಹೊರತಂದರು. ಮಿಲಾನಿನ ಬಿನ್ಸನ್ ಸಂಸ್ಥೆ ಟೇಪನ್ನು ತೊರೆದು ತಿರುಗುವ ಕಾಂತೀಯ ಚಕ್ರವನ್ನು ಬಳಸಿತು. ಮಾರ್ವಿನ್ ಅವರ ಕೈಗೆ ಜೋ ಬ್ರೌನ್ ಎಂಬ ವಾದಕರ ಮೂಲಕ ಬಂದುದು ಇಟಲಿಯದೇ ಆದ ಮೆಯಾಟ್ಸಿ ಸಂಸ್ಥೆಯ 'ಎಕೋಮ್ಯಾಟಿಕ್'. ಅದರಲ್ಲಿ ಓದುವ ಹೆಡ್ಡುಗಳು ಹಲವು. ಆದುದರಿಂದ ಅದರ ಮಾರ್ದನಿ ಒಂದೇ ಉತ್ತರವಲ್ಲ, ಒಂದು ಲಯವಿನ್ಯಾಸ.

ಈ ಧ್ವನಿಯನ್ನು ಪುನಾರಚಿಸುವವನಿಗೆ ಮೂರು ಬಗೆಯ ಆಕರಗಳುಂಟು. ಮೊದಲನೆಯದು ಮುದ್ರಿಕೆ. ಸಮಕಾಲೀನತೆಯಲ್ಲಿ ಇದಕ್ಕೆ ಸಮನಾದುದಿಲ್ಲ. ಆದರೆ ಅದರಲ್ಲಿ ಯಂತ್ರದ ಧ್ವನಿಯೊಂದೇ ಇಲ್ಲ. ವಾಕ್ಸ್ ಆಂಪ್ಲಿಫೈಯರು, ಮೈಕು, ಕೋಣೆ, ಎಲ್ಲ ವಾದ್ಯಗಳನ್ನೂ ಒಂದಾಗಿಸಿದ ಏಕಮುಖ ಮಿಶ್ರಣ ಇವೆಲ್ಲವೂ ಕೂಡಿವೆ. ಅಲ್ಲದೆ ಆ ಮುದ್ರಣಾಲಯಕ್ಕೆ ತನ್ನದೇ ಆದ ಪ್ರತಿಧ್ವನಿ ಕೊಠಡಿಗಳಿದ್ದುವು. ಕಿವಿಗೆ ಬೀಳುವ ಅನುರಣನದಲ್ಲಿ ಇಟಲಿಯ ಪೆಟ್ಟಿಗೆಯ ಪಾಲೆಷ್ಟು, ಲಂಡನ್ನಿನ ಕೊಠಡಿಯ ಪಾಲೆಷ್ಟು ಎಂಬುದನ್ನು ಮುದ್ರಿಕೆ ತಾನಾಗಿ ಹೇಳುವುದಿಲ್ಲ. ಎರಡನೆಯದು ಉಳಿದುಬಂದ ಯಂತ್ರ. ಇದನ್ನು ಅಳೆಯಬಹುದು, ಬಿಚ್ಚಿ ನೋಡಬಹುದು. ಆದರೆ ಆರು ದಶಕಗಳಲ್ಲಿ ಅದರ ರಬ್ಬರಿನ ಗಾಲಿಗಳು ಗಟ್ಟಿಯಾಗಿವೆ, ಹೆಡ್ಡುಗಳು ಸವೆದಿವೆ, ಕೆಪಾಸಿಟರುಗಳು ಒಣಗಿವೆ. ಇಂದು ಅಳೆದಾಗ ದೊರೆಯುವುದು ವೃದ್ಧಾಪ್ಯದ ಲಕ್ಷಣ. ಅದನ್ನು ಯೌವನಕ್ಕೆ ಆರೋಪಿಸುವುದು ಅರ್ವಾಚೀನ ಪ್ರತಿಯೊಂದನ್ನು ಕವಿಯ ಹಸ್ತಾಕ್ಷರವೆಂದು ಬಗೆದಂತೆ. ಮೂರನೆಯದು ವಾದಕರ ಮತ್ತು ತಂತ್ರಜ್ಞರ ನೆನಪು. ಇದರ ಬೆಲೆ ಸಣ್ಣದಲ್ಲವಾದರೂ, ದಶಕಗಳ ಬಳಿಕ ಹೇಳಿದ ನೆನಪಿಗೆ ಬೇರೆ ಆಧಾರಗಳ ಬೆಂಬಲ ಬೇಕು.

ಇನ್ನು ಆಧುನಿಕ ಸಾಧನಗಳ ವಿಚಾರ. ಟೇಪಿಲ್ಲದೆ ಧ್ವನಿಯನ್ನು ತಡೆಹಿಡಿಯುವ ಮಾರ್ಗವನ್ನು ಫಿಲಿಪ್ಸ್ ಸಂಸ್ಥೆಯ ಸಂಶೋಧಕರು ೧೯೬೯ರಲ್ಲಿ ತೋರಿಸಿದರು. ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುದಾವೇಶವನ್ನು ಕೋಶದಿಂದ ಕೋಶಕ್ಕೆ ದಾಟಿಸುವ ಕ್ರಮವದು. ಮುಂದೆ ಬಂದ ಅಂಕೀಯ ಕ್ರಮದಲ್ಲಿ ಧ್ವನಿಯು ಸಂಖ್ಯೆಗಳಾಗುತ್ತದೆ. ಸೆಕೆಂಡಿಗೆ ೪೪,೧೦೦ ಸಂಖ್ಯೆಗಳಂತೆ ಬರೆದರೆ, ಮೇಲೆ ಹೇಳಿದ ೧೩೨ ಮಿಲಿಸೆಕೆಂಡುಗಳ ಮಾರ್ದನಿಗೆ ಸುಮಾರು ೫,೮೦೦ ಸಂಖ್ಯೆಗಳನ್ನು ಕೂಡಿಟ್ಟರೆ ಸಾಕು. ಕಾಲದ ಅನುಕರಣೆ ಇಷ್ಟು ಸುಲಭ. ಹೆಡ್ಡುಗಳ ಅಂತರವನ್ನೂ ಅವುಗಳಿಂದ ಹುಟ್ಟುವ ಲಯವಿನ್ಯಾಸವನ್ನೂ ತಂತ್ರಾಂಶವು ಯಾವ ಹಳೆಯ ಯಂತ್ರಕ್ಕಿಂತಲೂ ನಿಖರವಾಗಿ ಒದಗಿಸಬಲ್ಲುದು. ಇದನ್ನು ಮನಸಾರೆ ಒಪ್ಪಬೇಕು.

ಕಷ್ಟ ಇರುವುದು ಧ್ವನಿಯ ಗುಣದಲ್ಲಿ. ಕ್ಷಣಮಾತ್ರದ ಒಂದು ಸದ್ದಿಗೆ ಯಂತ್ರವು ಕೊಡುವ ಉತ್ತರವನ್ನು ಮುದ್ರಿಸಿಕೊಂಡು, ಆ ಉತ್ತರವನ್ನು ಎಲ್ಲ ಧ್ವನಿಗಳಿಗೂ ಅನ್ವಯಿಸುವ ವಿಧಾನವೊಂದುಂಟು. ಯಂತ್ರವು ಸದಾ ಒಂದೇ ರೀತಿಯಾಗಿ, ಧ್ವನಿಯ ಬಲಕ್ಕೆ ಸರಿಯಾದ ಪ್ರಮಾಣದಲ್ಲಿ ಉತ್ತರಿಸುವುದಾದರೆ ಮಾತ್ರ ಇದು ಸಿಂಧು. ಟೇಪು ಎರಡನ್ನೂ ಮಾಡದು: ಅದರ ವೇಗ ಕಂಪಿಸುತ್ತದೆ, ಬಲವಾದ ಧ್ವನಿಯನ್ನು ಅದು ಅದುಮಿ ಬರೆಯುತ್ತದೆ. ಅದಕ್ಕಾಗಿಯೇ ಉತ್ತಮ ತಂತ್ರಾಂಶಗಳು ಕಂಪವನ್ನೂ ಅದುಮಿಕೆಯನ್ನೂ ಬೇರೆಯಾಗಿ ಲೆಕ್ಕಹಾಕಿ ಸೇರಿಸುತ್ತವೆ. ಎಷ್ಟು ಸೇರಿಸಬೇಕೆಂಬುದನ್ನು ಬಳಸುವವನ ಕೈಯ ತಿರುಗುಗುಂಡಿಗೆ ಬಿಡಲಾಗಿದೆ.

ನಮ್ಮ ಮೊದಲ ಆಕ್ಷೇಪ ಇಲ್ಲಿಯೇ ಹುಟ್ಟುತ್ತದೆ. ಟೇಪಿನ ಕಂಪ, ಸವೆತ, ಗುಂಯ್ಗುಡುವಿಕೆ ಇವು ಅಂದಿನ ನಿರ್ಮಾಪಕರಿಗೆ ದೋಷಗಳು. ಅವನ್ನು ಕಡಮೆಮಾಡುವುದೇ ಅವರ ಶ್ರಮದ ಗುರಿಯಾಗಿದ್ದಿತು. ಬಿನ್ಸನ್ ಚಕ್ರದ ಒಂದು ಪ್ರಯೋಜನವೇ ಸವೆಯುವ, ತುಂಡಾಗುವ ಟೇಪಿನಿಂದ ಬಿಡುಗಡೆ. ಇಂದಿನ ಪುನಾರಚನೆಯಲ್ಲಾದರೋ ಅವೇ ದೋಷಗಳು ಪ್ರಾಚೀನತೆಯ ಮುದ್ರೆಗಳಾಗಿ, ಹೆಚ್ಚಿಸಿದಷ್ಟೂ ಸೊಗಸೆಂಬಂತೆ ಬಳಕೆಯಾಗುತ್ತಿವೆ. ಹಾಗೆ ಅತಿಯಾಗಿ ನಡುಗುವ ಮಾರ್ದನಿ ೧೯೬೦ರ ಧ್ವನಿಯಲ್ಲ. ೧೯೬೦ರ ಬಗೆಗೆ ನಮ್ಮ ಕಾಲ ಕಟ್ಟಿಕೊಂಡ ಕಲ್ಪನೆ. ಹೊಸದಾಗಿದ್ದ ವಸ್ತುವನ್ನು ಹಳೆಯದಾಗಿಯೇ ಹುಟ್ಟಿತೆಂದು ಭಾವಿಸುವ ಈ ಕಾಲವಿಪರ್ಯಾಸವು ಇತಿಹಾಸಕಾರನಿಗೆ ಪರಿಚಿತವಾದುದೇ.

ಎರಡನೆಯ ಆಕ್ಷೇಪ ಕ್ರಮವನ್ನು ಕುರಿತದ್ದು. ಮಾರ್ವಿನ್ ಅವರ ಮಾರ್ದನಿಯಂತ್ರವು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇದ್ದಿತು. ಮೂಲಧ್ವನಿಯೂ ಮಾರ್ದನಿಯೂ ಕೂಡಿಯೇ ಆಂಪ್ಲಿಫೈಯರನ್ನು ಹೊಕ್ಕು ಒಂದರೊಡನೊಂದು ಬೆರೆತು ಬದಲಾಗುತ್ತಿದ್ದುವು. ಮೂಲಧ್ವನಿ ಸಹ ಮೆಯಾಟ್ಸಿಯ ವಾಲ್ವುಗಳನ್ನು ಹಾದೇ ಬರುತ್ತಿದ್ದಿತು. ಶುದ್ಧವಾಗಿ ಮುದ್ರಿಸಿದ ಗಿಟಾರಿಗೆ ಕೊನೆಯಲ್ಲಿ ಮಾರ್ದನಿಯನ್ನು ಅಂಟಿಸಿದರೆ ಈ ಬೆರಕೆ ಸಿದ್ಧಿಸದು. ಅದಕ್ಕೂ ಮಿಗಿಲಾಗಿ, ನುಡಿಸುವಾಗಲೇ ವಾದಕನು ತನ್ನ ಮಾರ್ದನಿಯನ್ನು ಕೇಳುತ್ತಿದ್ದನು. ಸ್ವರವನ್ನು ಎಲ್ಲಿ ಬಿಡಬೇಕು, ತಂತಿಯನ್ನು ಅಂಗೈಯಿಂದ ಎಷ್ಟು ಅದುಮಬೇಕು, ಮೌನಕ್ಕೆ ಎಷ್ಟು ಎಡೆಗೊಡಬೇಕು ಎಂಬುದೆಲ್ಲ ಆ ಉತ್ತರವನ್ನು ಕೇಳಿಕೊಂಡೇ ನಿಶ್ಚಯವಾಗುತ್ತಿದ್ದಿತು. ಮಾರ್ದನಿ ಅಲ್ಲಿ ಅಲಂಕಾರವಲ್ಲ, ಸಹವಾದಕ. ಪೆಡಲನ್ನು ಆಂಪ್ಲಿಫೈಯರಿನ ಮುಂದಿರಿಸಿ ನುಡಿಸುವವನು ಈ ವಿಷಯದಲ್ಲಿ, ಅವನ ಸಾಧನ ಎಷ್ಟೇ ಸಾಧಾರಣವಾಗಿರಲಿ, ಮೂಲದ ರೀತಿಗೆ ಹೆಚ್ಚು ಹತ್ತಿರದವನು.

ಹಾಗೆಂದ ಮಾತ್ರಕ್ಕೆ ಪುನಾರಚನೆ ನಿಷ್ಪ್ರಯೋಜಕವೆಂದು ನಮ್ಮ ಅಭಿಪ್ರಾಯವಲ್ಲ. ಕೇಳಿಕೊಂಡು ಸುಮ್ಮನಿರುವವನಿಗೆ ತೋರದ ಪ್ರಶ್ನೆಗಳು ಕಟ್ಟಲು ಹೊರಟವನಿಗೆ ತೋರುತ್ತವೆ. ಎಲ್ಲ ಅಂತರಗಳನ್ನೂ ಸರಿಹೊಂದಿಸಿದ ಮೇಲೆಯೂ ಧ್ವನಿ ಮುದ್ರಿಕೆಗೆ ಹೋಲದಿದ್ದರೆ, ಆ ವ್ಯತ್ಯಾಸವೇ ಕೊಠಡಿಯ ಕಡೆಗೋ ವಾದಕನ ಬೆರಳಿನ ಕಡೆಗೋ ಕೈಮಾಡುತ್ತದೆ. ವಿಫಲವಾದ ಪ್ರತಿಕೃತಿಯೂ ಒಂದು ಪ್ರಮಾಣವೇ. ಅದನ್ನು ಮುಚ್ಚಿಡದೆ ದಾಖಲಿಸಬೇಕು, ಅಷ್ಟೆ.

ಶಾಸನದ ಪಾಠವನ್ನು ಸಿದ್ಧಪಡಿಸುವವನು ಅಳಿಸಿಹೋದ ಅಕ್ಷರವನ್ನು ಊಹಿಸಿ ತುಂಬಿದಾಗ ಅದನ್ನು ಕಂಸದೊಳಗೆ ಇಡುತ್ತಾನೆ. ಕಲ್ಲಿನಲ್ಲಿರುವುದಾವುದು, ತನ್ನದಾವುದು ಎಂಬುದು ಓದುವವನಿಗೆ ತಿಳಿಯುತ್ತದೆ. ಧ್ವನಿಯ ಪುನಾರಚನೆಯಲ್ಲಿ ಇಂಥ ಕಂಸ ಇನ್ನೂ ರೂಢಿಗೆ ಬಂದಿಲ್ಲ. ಪೆಡಲಿನ ಮೇಲೆ ಹಳೆಯ ಯಂತ್ರದ ಹೆಸರಿರುತ್ತದೆ. ಅಳೆದದ್ದು ಯಾವ ಪ್ರತಿಯನ್ನು, ಅದರ ಸ್ಥಿತಿ ಏನು, ಕಿವಿಯ ಅಂದಾಜಿನಿಂದ ಸೇರಿಸಿದ್ದು ಎಷ್ಟು ಎಂಬ ವಿವರ ಅಪರೂಪ. ಇದರ ಫಲವು ಕೇವಲ ತಾಂತ್ರಿಕವಲ್ಲ. ಮೊದಲು ಪ್ರತಿಕೃತಿಯನ್ನು ಕೇಳಿ ಬೆಳೆದ ತರುಣನು ಮುಂದೊಂದು ದಿನ ಮೂಲ ಮುದ್ರಿಕೆಯನ್ನು ಕೇಳಿ, ಅದರಲ್ಲಿ ಸಾಕಷ್ಟು 'ಹಳೆಯತನ'ವಿಲ್ಲವೆಂದು ತೀರ್ಮಾನಿಸಬಹುದು. ಆಗ ಸಾಕ್ಷಿಯನ್ನು ಪ್ರತಿಯಿಂದ ತಿದ್ದಿದಂತಾಗುವುದು. ಆದುದರಿಂದ ಇಂಥ ಯತ್ನಗಳಲ್ಲಿ ಆಸಕ್ತರಾದ ವಿದ್ಯಾರ್ಥಿಗಳು ತಮ್ಮ ಸಾಧನದ ಪ್ರತಿಯೊಂದು ಅಂಕಿಯ ಮುಂದೆಯೂ ಅದು ಅಳತೆಯೋ, ಪತ್ರಾಧಾರವೋ, ಊಹೆಯೋ ಎಂಬುದನ್ನು ಬರೆದಿಡಬೇಕು. ಹಾಗೆ ಬರೆದಿಟ್ಟಲ್ಲಿ ಮುಂದಿನವರು ಅದನ್ನು ಪರೀಕ್ಷಿಸಿ ತಿದ್ದಬಲ್ಲರು. 'ಅದೇ ಧ್ವನಿ' ಎಂಬ ಮಾತಿನ ಬದಲು 'ಇಷ್ಟರಮಟ್ಟಿಗೆ ಆ ಧ್ವನಿ' ಎಂದು ಹೇಳುವ ಅಧಿಕಾರವೂ ಅವರಿಗೆ ಪ್ರಾಪ್ತವಾಗುವುದು.