ಕಟ್ಟೆಯ ತನಕದ ನಡಿಗೆ

ನಮ್ಮ ತಂಗಿಯ ಮಗ ಹೋದ ವರ್ಷ ಫ್ರಾನ್ಸಿಗೆ ಹೋಗಿ ಬಂದ. ಪ್ಯಾರಿಸ್ ಎರಡೇ ದಿನ. ಉಳಿದ ಆರು ದಿನ ಬೋರ್ಡೋ ಸೀಮೆಯ ಹಳ್ಳಿಗಳಲ್ಲಿ ನಡೆದದ್ದೇ ನಡೆದದ್ದು ಅಂತೆ. ದ್ರಾಕ್ಷಿ ತೋಟಗಳ ನಡುವೆ ಕಾಲುದಾರಿ, ಏರು ಅಂದರೆ ನಮ್ಮ ಧಾರವಾಡದ ಏರಿಗಿಂತ ಹೆಚ್ಚಿಲ್ಲ, ತಾಸಿಗೊಂದು ಹಳೆಯ ಕಲ್ಲಿನ ಊರು, ಅಲ್ಲೊಂದು ಚರ್ಚು, ಒಂದು ಬೇಕರಿ. ಸೇಂಟ್ ಎಮಿಲಿಯೋಂ ಎಂಬ ಊರಿನಲ್ಲಿ ಒಂದೇ ಬಂಡೆಯನ್ನು ಕೊರೆದು ಮಾಡಿದ ಚರ್ಚು ನೋಡಿದನಂತೆ. ಆ ಊರನ್ನೂ ಸುತ್ತಲಿನ ತೋಟಗಳನ್ನೂ ಯುನೆಸ್ಕೋ 1999ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಫೋನಿನಲ್ಲಿ ಚಿತ್ರ ತೋರಿಸುತ್ತ ಕೇಳಿದ: "ಮಾಮಾ, ನೀವು ಮೂವತ್ತು ವರ್ಷ ಗುಜರಾತಿನಾಗ ಇದ್ದೀರಿ. ಹಿಂಗ ಆರಾಮ ನಡಕೋತ ನೋಡೂವಂಥಾದ್ದು ಅಲ್ಲೆ ಏನರ ಅದ ಏನು?"

"ವೈನ್ ಅಂತೂ ಇಲ್ಲಪಾ" ಅಂದೆ. 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದ ಅಲ್ಲಿ ಪಾನನಿಷೇಧ. 2023ರ ಕೊನೆಗೆ ಗಾಂಧಿನಗರದ ಹತ್ತಿರದ ಗಿಫ್ಟ್ ಸಿಟಿಯಲ್ಲಿ ಸ್ವಲ್ಪ ಸಡಿಲ ಮಾಡಿದ್ದಾರೆ ಅಷ್ಟೆ. ಆದರೆ ನಡಿಗೆ ಇದೆ. ಅದೂ ಒಳ್ಳೆಯ ನಡಿಗೆ.

ಪುಸ್ತಕಕ್ಕೆ ವಿಮರ್ಶೆ ಬರೆಯುವವರಿದ್ದಾರೆ, ನಾಟಕಕ್ಕೆ ಬರೆಯುವವರಿದ್ದಾರೆ. ನಡಿಗೆಗೆ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ನಾನು ಸಾಹಿತಿಯೇನೂ ಅಲ್ಲ, ಎಂ.ಕಾಂ. ಓದಿ ಬ್ಯಾಂಕು ಸೇರಿದವನು. ಆದರೆ ಶಾಖೆಗಳ ಇನ್‌ಸ್ಪೆಕ್ಷನ್ ಮಾಡಿ ಮಾಡಿ ಒಂದು ಚಟ ಅಂಟಿಕೊಂಡಿದೆ. ಯಾರಾದರೂ ಏನನ್ನಾದರೂ ತೋರಿಸಿದರೆ, ತೋರಿಸದೆ ಬಿಟ್ಟದ್ದು ಯಾವುದು ಅಂತ ಮನಸ್ಸು ಹುಡುಕತೊಡಗುತ್ತದೆ.

ಅಹಮದಾಬಾದಿನ ಮಹಾನಗರಪಾಲಿಕೆ 1997ರ ನವೆಂಬರ್ 19ರಂದು 'ಹೆರಿಟೇಜ್ ವಾಕ್' ಶುರು ಮಾಡಿತು. ಬೆಳಿಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಸೇರಬೇಕು. ಅದು 1822ರದು, ಆ ಸಂಪ್ರದಾಯದ ಮೊದಲ ಮಂದಿರ. ಅಲ್ಲಿಂದ ಹೊರಟು ಪೋಳಗಳ ಒಳಗೆ ಹಾಯ್ದು, ಮಾಣೆಕ್ ಚೌಕ ದಾಟಿ, 1424ರ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಎರಡೂವರೆ ತಾಸು. ಮಂದಿರದಿಂದ ಮಸೀದಿಗೆ ಎಂಬ ಈ ದಾರಿಯ ಆಯ್ಕೆಯೇ ಒಂದು ದೊಡ್ಡ ಮಾತು. ಆ ಊರಿನ ಗಲಭೆಗಳ ಕಾಲವನ್ನು ಕಂಡವನಾಗಿ, ಹೀಗೊಂದು ಗೆರೆ ಎಳೆದವರಿಗೆ ನಾನು ಮೊದಲು ಕೈ ಮುಗಿಯುತ್ತೇನೆ.

ಪೋಳ ಅಂದರೇನು ಅಂತ ಕೇಳೀರಿ. ನಮ್ಮ ಕಡೆಯ ಓಣಿಯೇ. ಆದರೆ ಊರಿಗೆ ಅಗಸಿ ಇರುವಂತೆ ಅಲ್ಲಿ ಓಣಿಗೇ ಒಂದು ಅಗಸಿ. ಹಿಂದೆ ರಾತ್ರಿ ಅದರ ಬಾಗಿಲು ಹಾಕುತ್ತಿದ್ದರು. ಒಳಗೆ ಒಂದಕ್ಕೊಂದು ಅಂಟಿಕೊಂಡ ಮರದ ಮನೆಗಳು. ಮನೆ ಮುಂದೆ 'ಓಟಲೋ', ಅಂದರೆ ನಮ್ಮ ಕಟ್ಟೆ. ಹಕ್ಕಿಗೆ ಕಾಳು ಹಾಕಲು ಕಂಬದ ಮೇಲೊಂದು 'ಚಬೂತರೋ'. ನಡುಮನೆಯಲ್ಲಿ ಬಯಲಿಗೆ ತೆರೆದ ಚೌಕ, ಅದರ ಕೆಳಗೆ ನೆಲದೊಳಗೆ 'ಟಾಂಕಾ'. ಮಾಳಿಗೆಯ ಮಳೆನೀರು ಅಲ್ಲಿಗೆ ಇಳಿಯಬೇಕು, ಅದೇ ವರ್ಷದ ಕುಡಿಯುವ ನೀರು. ಗದಗಿನ ಕಡೆ ನೀರಿನ ಬರದಲ್ಲಿ ಬೆಳೆದ ನನಗೆ ಇದನ್ನು ಮೊದಲ ಸಲ ಕಂಡಾಗ ಹೊಟ್ಟೆಕಿಚ್ಚಾಯಿತು.

ಮಾರ್ಗದರ್ಶಿ ಇದನ್ನೆಲ್ಲ ಚೆನ್ನಾಗಿಯೇ ಹೇಳುತ್ತಾನೆ. ಲಾಂಬೇಶ್ವರನೀ ಪೋಳದಲ್ಲಿ ಕವಿ ದಲಪತರಾಮ್ ಅವರ ಪ್ರತಿಮೆ ಇದೆ. ಎತ್ತರದ ಪೀಠ ಇಲ್ಲ, ತಮ್ಮ ಮನೆ ಇದ್ದ ಜಾಗದಲ್ಲೇ ಸುಮ್ಮನೆ ಕೂತಿದ್ದಾರೆ. ಮಕ್ಕಳು ಅವರ ತೊಡೆಯ ಮೇಲೆ ಹತ್ತಿ ಕೂಡುತ್ತವೆ. ಕವಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ನಾನು ಬೇರೆಲ್ಲೂ ನೋಡಿಲ್ಲ. ಕೆತ್ತನೆಯ ತೊಲೆಗಳಲ್ಲಿ ಮರಾಠಾ ಶೈಲಿ ಯಾವುದು, ಮೊಘಲ್ ಯಾವುದು, ಯುರೋಪಿನದು ಯಾವುದು ಅಂತ ಬೆರಳು ಮಾಡಿ ತೋರಿಸುತ್ತಾನೆ. ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಫೋಟೋ ಹೊಡೆಯುತ್ತಾರೆ, ಮುಂದೆ ಹೋಗುತ್ತಾರೆ.

ನನ್ನ ತಕರಾರು ಶುರುವಾಗುವುದು ಇಲ್ಲಿಯೇ. ನಡಿಗೆ ಕಟ್ಟೆಯ ತನಕ ಬರುತ್ತದೆ, ಹೊಸ್ತಿಲ ಮುಂದೆ ನಿಲ್ಲುತ್ತದೆ. ಆ ಬಾಗಿಲಿಗೆ ಬೀಗ ಯಾಕೆ ಬಿದ್ದಿದೆ ಅಂತ ಹೇಳುವುದಿಲ್ಲ.

ಯಾಕೆ ಅಂತ ನನಗೆ ಗೊತ್ತು. ತೊಂಬತ್ತರ ದಶಕದ ಕೊನೆಗೆ ನಾನು ಆ ಹಳೆಯ ಊರಿನ ಒಂದು ಶಾಖೆಯಲ್ಲಿ ಸಾಲದ ಟೇಬಲ್ ಮೇಲಿದ್ದೆ. ಹತ್ತಿರದ ಪೋಳದ ಹಿರಿಯರೊಬ್ಬರು ಬಂದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾಳಿಗೆ ಸೋರುತ್ತದೆ, ರಿಪೇರಿಗೆ ಸಾಲ ಬೇಕು ಅಂದರು. ದೊಡ್ಡ ಮೊತ್ತವೇನಲ್ಲ. ಕಾಗದ ಬಿಚ್ಚಿದೆ. ಆಸ್ತಿ ಇನ್ನೂ ಅವರ ಅಜ್ಜನ ಹೆಸರಿನಲ್ಲಿ. ವಾರಸುದಾರರು ಹನ್ನೊಂದು ಜನ, ಒಬ್ಬರು ಕೆನ್ಯಾದಲ್ಲಿ. ಕೆಳಗಿನ ಎರಡು ಕೋಣೆಯಲ್ಲಿ ಬಾಡಿಗೆದಾರ, ತಿಂಗಳಿಗೆ ಮೂವತ್ತೈದು ರೂಪಾಯಿ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ ಗುಜರಾತಿಗೂ ಅನ್ವಯ, ಬಾಡಿಗೆ ಏರಿಸುವಂತಿಲ್ಲ, ಬಿಡಿಸುವಂತೆಯೂ ಇಲ್ಲ. ಅಡಮಾನ ಆಗುವಂಥದ್ದಲ್ಲ ಅಂತ ನಾಲ್ಕು ಸಾಲು ಬರೆದು ಅರ್ಜಿ ವಾಪಸು ಮಾಡಿದೆ. "ಸಾಹೇಬ್, ಒಂದು ಸಲ ಮನೆ ಬಂದು ನೋಡಿ" ಅಂದರು ಕಾಕಾ. ನಾನು ಹೋಗಲಿಲ್ಲ. ಕಾಗದ ನೋಡಿದ್ದೆನಲ್ಲ!

ಅದೇ ವರ್ಷಗಳಲ್ಲಿ ಸಾಬರಮತಿಯ ಆಚೆ ದಡದ ಫ್ಲ್ಯಾಟುಗಳಿಗೆ ಸಂತೋಷದಿಂದ ಸಾಲ ಕೊಟ್ಟೆವು. 2001ರ ಜನವರಿ 26ರ ಭೂಕಂಪದಲ್ಲಿ ಆ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಎಷ್ಟೋ ಕುಸಿದವು, ನಮ್ಮ ಸಾಲಗಾರರಲ್ಲಿ ಒಬ್ಬರ ಫ್ಲ್ಯಾಟೂ ಹೋಯಿತು. ಗೋಡೆಯೊಳಗೆ ಮರದ ತೊಲೆ ಹೆಣೆದ ಕಾಕಾನ ಮನೆ ಅಲುಗಾಡಿ ನಿಂತಿತು. ಭೂಕಂಪಕ್ಕೆ ಬೀಳದ ಮನೆ ಆಮೇಲೆ ಮಳೆಗೆ ಬಿತ್ತು.

ಇದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. 2017ರ ಜುಲೈಯಲ್ಲಿ ಅಹಮದಾಬಾದಿಗೆ ವಿಶ್ವ ಪರಂಪರೆಯ ನಗರ ಎಂಬ ಮನ್ನಣೆ ಬಂತು, ಭಾರತದಲ್ಲೇ ಮೊದಲು. ಅದರ ಮುಂದಿನ ಚಳಿಗಾಲದಲ್ಲಿ ನಾನೂ ಟೋಪಿ ಹಾಕಿಕೊಂಡು ನಡಿಗೆಗೆ ಹೋದೆ. ಒಂದು ತಿರುವಿನಲ್ಲಿ ಮಾರ್ಗದರ್ಶಿ ಎಡಗಡೆಯ ಮನೆಯ ಕೆತ್ತನೆ ತೋರಿಸುತ್ತಿದ್ದ. ಬಲಗಡೆ ಸಿಮೆಂಟಿನ ಗೋದಾಮು, ಕಬ್ಬಿಣದ ಶಟರು. ಮನೆ ನಂಬರು ನೋಡಿದೆ. ಅರ್ಜಿಯಲ್ಲಿ ನಾನು ಬರೆದ ನಂಬರೇ. ಕೆತ್ತನೆಯ ಕಂಬಗಳು ಎಲ್ಲಿ ಹೋದವು ಅಂತ ಅಲ್ಲಿಯವರನ್ನು ಕೇಳಿದರೆ, ಹಳೆಯ ಸಾಮಾನಿನ ವ್ಯಾಪಾರಿ ಒಯ್ದ ಅಂದರು. ಬಲಗಡೆಗೆ ಯಾರೂ ಕತ್ತು ತಿರುಗಿಸಲಿಲ್ಲ.

ನಡಿಗೆ ಮರವನ್ನು ಓದಿತು, ಕಾಗದ ಓದಲಿಲ್ಲ. ನಾನು ಕಾಗದ ಓದಿದೆ, ಮರ ನೋಡಲಿಲ್ಲ. ಫ್ರಾನ್ಸಿನ ಆ ಊರುಗಳಲ್ಲಿ ದ್ರಾಕ್ಷಿಯ ಆದಾಯ ಮನೆಯನ್ನು ಹಿಡಿದಿಟ್ಟಿದೆ. ತೋಟ ಇದ್ದರೆ ಊರು ಚಂದ, ಊರು ಚಂದ ಇದ್ದರೆ ಬಾಟಲಿಗೆ ಬೆಲೆ. ಇಲ್ಲಿ ವ್ಯಾಪಾರ ಬೆಳೆದಷ್ಟೂ ಗೋದಾಮು ಬೇಕು, ಮನೆ ಬೇಡ. ಈಗ ಪಾರಂಪರಿಕ ಮನೆಯ ಮಾಲೀಕರು ತಾವು ಬಳಸದ ಕಟ್ಟಡದ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಿ ಆ ಹಣದಲ್ಲಿ ರಿಪೇರಿ ಮಾಡಿಸಬಹುದು ಅಂತ ಪಾಲಿಕೆ ದಾರಿ ಮಾಡಿದೆ. ಒಳ್ಳೆಯದೇ. ಆದರೆ ಹನ್ನೊಂದು ಸಹಿ ಯಾರು ಕೂಡಿಸುತ್ತಾರೆ?

ವಡೋದರಾದ ಹಳೆಯ ಊರೂ ನಡೆಯಲು ಸುಲಭ. ನಡುವೆ ಮಾಂಡವಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, 1896ರ ನ್ಯಾಯ ಮಂದಿರ, ಗೋಡೆ ತುಂಬ ಚಿತ್ರಗಳಿರುವ ತಾಂಬೇಕರ್ ವಾಡೆ. ವಾಡೆ ಎಂಬ ಮಾತು ಕೇಳಿದರೇ ನಮ್ಮ ಊರಿನ ನೆನಪು. ಸಯಾಜಿರಾವ್ ಮಹಾರಾಜರ ಗುಣಗಾನ ಎಲ್ಲರೂ ಮಾಡುತ್ತಾರೆ, ಮಾಡಬೇಕಾದದ್ದೇ. 1906ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ ಅರಸ. ಆದರೆ ಆ ಅರಸರ ವಿದ್ಯಾರ್ಥಿವೇತನದಲ್ಲಿ ಹೊರದೇಶದಲ್ಲಿ ಓದಿದ ಅಂಬೇಡ್ಕರ್ 1917ರಲ್ಲಿ ನೌಕರಿಗೆ ಅಲ್ಲಿಗೆ ಬಂದಾಗ ಇರಲು ಒಂದು ಕೋಣೆ ಸಿಗಲಿಲ್ಲ. ಹೆಸರು ಬದಲಿಸಿ ಪಾರ್ಸಿಗಳ ವಸತಿಗೃಹದಲ್ಲಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ರೈಲಿನ ಹೊತ್ತಿನ ತನಕ ಅವರು ಕಾಲ ಕಳೆದದ್ದು ಕಾಮಾಟಿ ಬಾಗಿನಲ್ಲಿ. ಈಗಿನ ಸಯಾಜಿ ಬಾಗ್ ಅದೇ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಜಾಗಕ್ಕೆ ಸಂಕಲ್ಪ ಭೂಮಿ ಎಂದು ಹೆಸರು. ಮಾಂಡವಿಯಿಂದ ಆಟೋದಲ್ಲಿ ಹತ್ತು ನಿಮಿಷ. ಪರವೂರಿಗೆ ಹೊಟ್ಟೆಪಾಡಿಗೆ ಹೋದವರು ಯಾರೇ ಆಗಲಿ, ವಡೋದರಾದ ನಡಿಗೆಯನ್ನು ಅಲ್ಲಿಂದ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ.

ಹೀಗೆ ಹೇಳಲು ನನಗೆ ಕಾರಣವಿದೆ. ಅಲ್ಲಿಗೆ ವರ್ಗವಾದಾಗ ಮನೆ ಮಾಲೀಕರು ಕೇಳಿದ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಊಟದ್ದು. ತತ್ತಿ ಸಹ ತಿನ್ನುವುದಿಲ್ಲ ಅಂದೆ, ಬೀಗದ ಕೈ ಸಿಕ್ಕಿತು. ನನ್ನ ಜೊತೆಗೇ ವರ್ಗವಾಗಿ ಬಂದ ವಿಜಾಪುರದ ಮುಸ್ಲಿಂ ಗೆಳೆಯನೂ ನಾನೂ ಒಂದೇ ಗ್ರೇಡು, ಒಂದೇ ಸಂಬಳ. ಅವನ ಹೆಸರು ಕೇಳಿದೊಡನೆ ಮನೆ ಖಾಲಿ ಇಲ್ಲ ಅನ್ನುತ್ತಿದ್ದರು. ನಾಲ್ಕು ತಿಂಗಳು ಲಾಡ್ಜಿನಲ್ಲಿದ್ದು, ಕಡೆಗೆ ವರ್ಗ ಕೇಳಿಕೊಂಡು ಹೋದ. ನಾನು ಅವನ ಪರವಾಗಿ ಒಬ್ಬ ಮಾಲೀಕನ ಹತ್ತಿರವಾದರೂ ಹೋಗಿ ಮಾತಾಡಬಹುದಿತ್ತು. ಮಾತಾಡಲಿಲ್ಲ.

ಸೂರತ್ ಬಗ್ಗೆ ಎರಡೇ ಮಾತು. 1540ರ ದಶಕದ ಕೋಟೆಯನ್ನು ಚೆನ್ನಾಗಿ ದುರಸ್ತಿ ಮಾಡಿದ್ದಾರೆ, ನೋಡಬಹುದು. ನನಗೆ ಹಿಡಿಸಿದ್ದು ಕತಾರಗಾಮ್ ದರವಾಜಾ ಹತ್ತಿರದ ಇಂಗ್ಲಿಷರ, ಡಚ್ಚರ ಗೋರಿಗಳು. 1669ರಲ್ಲಿ ತೀರಿಕೊಂಡ ಜಾರ್ಜ್ ಆಕ್ಸೆಂಡನ್‌ನದು ಎರಡಂತಸ್ತಿನ ಗುಮ್ಮಟ. 1691ರಲ್ಲಿ ಸತ್ತ ಡಚ್ ಅಧಿಕಾರಿ ವಾನ್ ರೀಡೆಯ ಗೋರಿಯೂ ಅಷ್ಟೇ ಠೀವಿಯದು. ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಹನ್ನೆರಡು ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' ಮಾಡಿಸಿದವನು ಇವನೇ. ಪರವೂರಿಗೆ ವ್ಯಾಪಾರಕ್ಕೆ ಬಂದು ಸತ್ತವರ ಮನೆಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಬಾಡಿಗೆದಾರರಿಲ್ಲ, ವಾರಸುದಾರರ ಜಗಳವಿಲ್ಲ.

ತಂಗಿಯ ಮಗ ಬರುವ ಡಿಸೆಂಬರಿನಲ್ಲಿ ಬರುತ್ತಾನಂತೆ. ಟಾಂಕಾದ ಕಲ್ಲುಮುಚ್ಚಳ ಎತ್ತಿ ಅವನಿಗೆ ತೋರಿಸಬೇಕು ಅಂತ ಆಸೆ. ಆ ಗೋದಾಮಿನ ಎದುರು ಇನ್ನೂ ಒಂದು ಮನೆಯಲ್ಲಿ ಜನ ಇದ್ದಾರೆ. ಕಳೆದ ವಾರ ಹೋಗಿ ಆ ಮನೆಯ ಬೆನ್ ಅವರನ್ನು ಕೇಳಿದೆ. "ಬನ್ನಿ ಭಾಯ್, ಚಹಾ ಕುಡಿದು ಹೋಗಿ. ಆದರೆ ನಡಿಗೆಯವರ ಜೊತೆ ಬೆಳಿಗ್ಗೆ ಬರಬೇಡಿ. ಅದು ನಮಗೆ ನಳದ ನೀರು ಹಿಡಿಯೋ ಹೊತ್ತು" ಅಂದರು. ಸಂಜೆ ನಾಲ್ಕಕ್ಕೆ ಬರುತ್ತೇವೆ ಅಂತ ಹೇಳಿ ಬಂದಿದ್ದೇನೆ.