ಬೆಳ್ಳಿಯ ಕಣ ಮತ್ತು ಗಣಕದ ತೆರೆ

ಫಿಲ್ಮಿನ ಚಿತ್ರಕ್ಕೆ ಜೀವವಿದೆ, ಡಿಜಿಟಲ್ ಚಿತ್ರ ನಿರ್ಜೀವ ಎಂಬ ಮಾತು ಛಾಯಾಗ್ರಹಣಾಸಕ್ತರಲ್ಲಿ ರೂಢವಾಗಿದೆ. ಈ ತೀರ್ಮಾನದ ಆಧಾರವನ್ನು ಪರಿಶೀಲಿಸುವುದು ಅಗತ್ಯ. ಭೇದವೇನೋ ವಾಸ್ತವವೇ. ಕಪ್ಪುಬಿಳುಪು ನೆಗೆಟಿವ್ ಫಿಲ್ಮಿನಲ್ಲಿ ಗಾತ್ರ, ಸ್ಥಾನಗಳೆರಡರಲ್ಲೂ ಅನಿಯತವಾದ ಬೆಳ್ಳಿಯ ಕಣಗಳು ಚಿತ್ರವನ್ನು ಕಟ್ಟುತ್ತವೆ. ಅತಿಬೆಳಕಿನ ಭಾಗ ಮೆಲ್ಲಮೆಲ್ಲನೆ ಬಿಳುಪಿಗೆ ಸರಿಯುತ್ತದೆ. ಡಿಜಿಟಲ್ ಸಂವೇದಕದ ಕೋಶಗಳು ಸಮನಾದ ಸಾಲುಗಳಲ್ಲಿರುತ್ತವೆ; ಅವು ತುಂಬಿದೊಡನೆ ವಿವರ ಹಠಾತ್ತನೆ ಅಳಿಯುತ್ತದೆ.

ಆದರೆ ಇಂದಿನ ಹೋಲಿಕೆಗಳು ಬಹುತೇಕ ಗಣಕದ ತೆರೆಯ ಮೇಲೆಯೇ ನಡೆಯುತ್ತವೆ. ಅಲ್ಲಿ ಕಾಣುವ ಫಿಲ್ಮ್ ಚಿತ್ರವೂ ಸ್ಕ್ಯಾನರಿನ ಸಂವೇದಕವನ್ನು ಹಾದುಬಂದದ್ದೇ. ಅದರ ಛಾಯೆ, ತೀಕ್ಷ್ಣತೆಗಳಲ್ಲಿ ಸ್ಕ್ಯಾನ್ ಮಾಡಿದವರ ಆಯ್ಕೆ ಬೆರೆತಿದೆ. ಹೀಗೆ ಹೋಲಿಕೆಗೊಳಗಾಗುವುದು ಎರಡು ಡಿಜಿಟಲ್ ರೂಪಗಳೇ ಹೊರತು ಎರಡು ಮಾಧ್ಯಮಗಳಲ್ಲ.

ಫ್ಯೂಜಿಫಿಲ್ಮ್ ಸಂಸ್ಥೆ 2016ರಲ್ಲಿ ಎಕ್ಸ್-ಪ್ರೊ2 ಕ್ಯಾಮೆರಾದಲ್ಲಿ ತನ್ನ ಆಕ್ರೋಸ್ ಕಪ್ಪುಬಿಳುಪು ಫಿಲ್ಮಿನ ಅನುಕರಣೆಯನ್ನು ಅಳವಡಿಸಿತು. 2018ರಲ್ಲಿ ಮೂಲ ಫಿಲ್ಮನ್ನೇ ನಿಲ್ಲಿಸುವುದಾಗಿ ಘೋಷಿಸಿ, 2019ರಲ್ಲಿ ಆಕ್ರೋಸ್ 2 ಎಂಬ ಹೆಸರಿನಲ್ಲಿ ಮರಳಿ ತಂದಿತು. ಅನುಕರಣೆ ಕೈಯಲ್ಲಿದ್ದೂ ಮೂಲದ ಅಪೇಕ್ಷೆ ಉಳಿದದ್ದು ಗಮನಾರ್ಹ.

ಆದ್ದರಿಂದ ನ್ಯಾಯವಾದ ಹೋಲಿಕೆಗೆ ಕತ್ತಲೆಕೋಣೆಯಲ್ಲಿ ಸಿದ್ಧಗೊಂಡ ಮುದ್ರಣವೇ ಕಣ್ಣೆದುರಿಗಿರಬೇಕು. ಸ್ಕ್ಯಾನ್ ಆಯಿತೆಂದು ನೆಗೆಟಿವುಗಳನ್ನು ತೊರೆಯುವ ಸಂಗ್ರಹಾಲಯವು ಈ ವಾದದಲ್ಲಿ ಒಂದು ಪಕ್ಷದ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.