ಹೊರಟವರ ಜೊತೆ ಹೋಗುವ ಮುಕ್ತಾಯ

ಫಾಕ್ಸ್ ವಾಹಿನಿ 2003ರಲ್ಲಿ ನಿಲ್ಲಿಸಿದ ವೈಜ್ಞಾನಿಕ ಹಾಸ್ಯ ಕಾರ್ಟೂನ್ ಸರಣಿ ‘ಫ್ಯೂಚರಾಮಾ’ ಆಮೇಲೆ ನಾಲ್ಕು ಡಿವಿಡಿ ಚಿತ್ರಗಳಾಗಿ ಮರಳಿತು. ಕೊನೆಯದು 2009ರ ‘ಇಂಟು ದಿ ವೈಲ್ಡ್ ಗ್ರೀನ್ ಯಾಂಡರ್’. ಸರಣಿ ಮುಂದುವರಿಯುವುದೋ ಇಲ್ಲವೋ, ಮಾಡಿದವರಿಗೇ ಗೊತ್ತಿರಲಿಲ್ಲ. ಗಾಲ್ಫ್ ಅಂಗಳಕ್ಕಾಗಿ ನಕ್ಷತ್ರವನ್ನೇ ಒಡೆಯಹೊರಟ ಸಿರಿವಂತ, ಅವನೆದುರು ಲೀಲಾ. ಕಥೆ ನಡುವೆ ಜಾಳಾಗುತ್ತದೆ, ನಿಜ. ಆದರೆ ಕೊನೆ! ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ವರ್ಮ್‌ಹೋಲ್‌ಗೆ ನುಗ್ಗುವಾಗ ಫ್ರೈ, ಲೀಲಾ ಮುತ್ತಿಡುತ್ತಾರೆ. ಮರಳಿ ಬರುವರೇ? ಚಿತ್ರ ಹೇಳುವುದಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮಗೆ ಇಂಥ ಕೊನೆ ಹೊಸದಲ್ಲ. ಕಲ್ಯಾಣದ ಕಥೆಯಲ್ಲಿ ರಕ್ತಪಾತವಷ್ಟೇ ಅಲ್ಲ, ಉಳವಿಯತ್ತ ಹೊರಟ ಶರಣರೂ ಇದ್ದಾರೆ. ಕಾರ್ನಾಡರ ‘ತಲೆದಂಡ’ ನಗರದ ನೆತ್ತರಿನಲ್ಲೇ ಮುಗಿಯುತ್ತದೆ. ಈ ಹಾಸ್ಯಚಿತ್ರ ಹೊರಟವರ ಜೊತೆ ಹೋಗುತ್ತದೆ. 2010ರಲ್ಲಿ ಸರಣಿ ಮರಳಿದಾಗ ಮೊದಲ ಕಂತೇ ಅವರನ್ನು ಭೂಮಿಗೆ ತಂದು ಕೆಡವಿತು. ನಕ್ಕೆ, ಆದರೂ ನನಗದು ನಷ್ಟವೇ.